ಅನುಮಾನ ಮೊದಲು ಯಾರ ಮೇಲೆ?

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಲಾರಿ ಇತ್ತು. 1994ರ ಮಾಡೆಲ್, ಆರು ಚಕ್ರ, ಆರು ಸಿಲಿಂಡರ್. ಕಂಪನಿ ಹೆಸರು ಬೇಡ, ಈ ಕತೆಯಲ್ಲಿ ಕಂಪನಿದೇನೂ ತಪ್ಪಿಲ್ಲ. ಕಬ್ಬಿನ ಕಾಲದಲ್ಲಿ ಯಳಂದೂರು ಕಡೆಯಿಂದ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯೋದು, ಅದು ಮುಗಿದ ಮೇಲೆ ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸಿಮೆಂಟು, ಇಟ್ಟಿಗೆ, ಕಬ್ಬಿಣ. ನಾನು ಆಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಓದುತ್ತಿದ್ದದ್ದು ಕಂಪ್ಯೂಟರ್ ಸೈನ್ಸ್. ಆದರೂ ರಜೆಗೆ ಊರಿಗೆ ಹೋದಾಗಲೆಲ್ಲ "ಎಂಜಿನಿಯರ್ ಓದ್ತಾವ್ನಲ್ಲ, ಅಂವ ನೋಡ್ಲಿ ತಡಿ" ಅಂತ ನನ್ನನ್ನ ಬಾನೆಟ್ ಮುಂದೆ ನಿಲ್ಲಿಸೋರು. ನಾನೂ ಏನೋ ಗೊತ್ತಿರುವವನ ಹಾಗೆ ತಲೆ ಆಡಿಸ್ತಿದ್ದೆ.

2011ರ ಬೇಸಿಗೆಯಲ್ಲಿ ಆ ಲಾರಿಗೆ ಒಂದು ಕಾಯಿಲೆ ಶುರುವಾಯ್ತು. ಯಳಂದೂರಿನ ಗದ್ದೆ ಬಯಲಲ್ಲಿ, ಕೊಳ್ಳೇಗಾಲದ ರಸ್ತೆಯಲ್ಲಿ ಏನೂ ಇಲ್ಲ, ಜುಮ್ಮಂತ ಓಡೋದು. ಹನೂರು ದಾಟಿ, ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಘಾಟಿ ಶುರುವಾದ ಮೇಲೆ ಒಂದೆರಡು ತಿರುವು ಹತ್ತೋದು, ಆಮೇಲೆ ದಮ್ಮು ಹೋದಂಗೆ ಆಗಿ ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಎಳೀತಿರಲಿಲ್ಲ. ಫಸ್ಟ್ ಗೇರಿಗೆ ಹಾಕಿದ್ರೂ ನಡುಗಿ ನಡುಗಿ ನಿಂತುಬಿಡೋದು. ಒಂಬತ್ತು ಟನ್ ಲೋಡ್ ಹೊತ್ತ ಗಾಡಿ ಘಾಟಿ ತಿರುವಿನಲ್ಲಿ ಆಫ್ ಆಗೋದು ಅಂದ್ರೆ ತಮಾಷೆಯಲ್ಲ. ಕ್ಲೀನರ್ ಹುಡುಗ ಕಲ್ಲು ಹಿಡ್ಕೊಂಡು ಹಿಂದಿನ ಚಕ್ರದ ಹತ್ತಿರ ಓಡಬೇಕು. ಹಿಂದೆ ಬರುತ್ತಿರೋದು ಬಸ್ಸೋ, ಮಕ್ಕಳನ್ನ ಕೂರಿಸಿಕೊಂಡ ಬೈಕೋ ಗೊತ್ತಿರಲ್ಲ.

ಡ್ರೈವರಣ್ಣ ಎಂಟು ವರ್ಷದಿಂದ ಅದೇ ಗಾಡಿ ಓಡಿಸ್ತಿದ್ದ. ಹನೂರಿನ ಆಚೆಯ ಊರಿನವನು. ಅವನು ದೊಡ್ಡಪ್ಪನಿಗೆ ಹೇಳಿದ್ದು ಇಷ್ಟು: "ಅಣ್ಣಾ, ಉಸ್ರು ಕಟ್ದಂಗಾಯ್ತದ ಕನಣ್ಣ. ಹತ್ ನಿಮಿಷ ಸುಮ್ನೆ ನಿಲ್ಸುದ್ರ ತಿರ್ಗಾ ಎಳೀತದ. ಎಲ್ಡು ತಿರುವು ಹತ್ತುತ್ಲೂ ಮತ್ತ ಅದೇ."

ಈ ಮೂರು ವಾಕ್ಯದಲ್ಲಿ ರೋಗದ ಹೆಸರು, ಜಾಗ ಎಲ್ಲಾ ಇತ್ತು. ಅದು ನನಗೆ ಗೊತ್ತಾಗೋಕೆ ಮೂರು ತಿಂಗಳು ಬೇಕಾಯ್ತು. ಅವತ್ತು ಯಾರೂ ಕೇಳಿಸಿಕೊಳ್ಳಲಿಲ್ಲ. "ಎಳೀತಿಲ್ಲ" ಅನ್ನೋದೊಂದೇ ಕೇಳಿಸಿತು.

ಲಾರಿ ಮೊದಲು ಹೋಗಿದ್ದು ಒಬ್ಬ ಮೆಕ್ಯಾನಿಕ್ ಹತ್ತಿರ. ಅವನು ಎಂಜಿನ್ ಸದ್ದು ಕೇಳಿ "ನಾಜಲ್ ಹೋಗವೆ" ಅಂದ. ಆರೂ ನಾಜಲ್ ಬದಲಾದವು. ಬೆಟ್ಟ ಹತ್ತಲಿಲ್ಲ. ಆಮೇಲೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಫೀಡ್ ಪಂಪಿನ ಕಿಟ್. ಬೆಟ್ಟ ಹತ್ತಲಿಲ್ಲ. ಕೊನೆಗೆ ಅವನು ಮುಟ್ಟಬಾರದ್ದನ್ನ ಮುಟ್ಟಿದ. ಪಂಪಿನ ಸೀಲ್ ಒಡೆದು ಡೀಸೆಲ್ ಅಳತೆಯ ಸ್ಕ್ರೂ ತಿರುಗಿಸಿದ. ಹಳೇ ಲಾರಿಗಳಲ್ಲಿ ಎಂಜಿನ್ ಪಕ್ಕ ಕೂತಿರುತ್ತಲ್ಲ ಉದ್ದನೆಯ ಪಂಪು, ನಮ್ಮ ಕಡೆ ಎಲ್ಲರೂ ಮೈಕೋ ಪಂಪು ಅಂತಲೇ ಕರೆಯೋದು, ಅದರಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಪುಟ್ಟ ಪ್ಲಂಜರ್. ಒಂದೊಂದು ಹೊಡೆತಕ್ಕೆ ಎಷ್ಟು ಡೀಸೆಲ್ ಹೋಗಬೇಕು ಅನ್ನೋದನ್ನ ಟೆಸ್ಟ್ ಬೆಂಚಿನ ಮೇಲಿಟ್ಟು, ಗಾಜಿನ ಕೊಳವೆಯಲ್ಲಿ ಅಳೆದು ಸೆಟ್ ಮಾಡಿರ್ತಾರೆ. ಅದನ್ನ ರಸ್ತೆ ಬದಿಯಲ್ಲಿ ಸ್ಪ್ಯಾನರ್ ಹಿಡಿದು ತಿರುಗಿಸೋದು, ರೋಗಿಯ ತೂಕ ನೋಡದೆ ಔಷಧಿ ಡೋಸ್ ಏರಿಸಿದ ಹಾಗೆ.

ಅವನನ್ನ ಬೈಯೋದು ಸುಲಭ. ಆದರೆ ದಿನಾ ಬೆಳಗ್ಗೆ ಫೋನ್ ಮಾಡಿ "ನಾಳಕ್ಕ ಲೋಡ್ ಅದ, ಏನಾರಾ ಮಾಡಪ್ಪ" ಅಂತಿದ್ದವರು ನಾವೇ. "ಏನಾದ್ರೂ ಮಾಡು" ಅಂದಾಗ ಅವನು ಏನೋ ಒಂದು ಮಾಡಿದ. "ಏನಾಗಿದೆ ಅಂತ ಕಂಡುಹಿಡಿ, ಎರಡು ದಿನ ಆದ್ರೂ ಪರವಾಗಿಲ್ಲ" ಅಂತ ನಾವ್ಯಾರೂ ಹೇಳಿರಲಿಲ್ಲ.

ಸ್ಕ್ರೂ ತಿರುಗಿಸಿದ ಮೇಲೆ ಬಯಲಲ್ಲಿ ಪಿಕಪ್ ಬಂತು. ಜೊತೆಗೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸೈಲೆನ್ಸರಿನಿಂದ ಕಪ್ಪು ಹೊಗೆ. ಬೆಟ್ಟದಲ್ಲಿ ಮಾತ್ರ ಅದೇ ಕತೆ. ಇನ್ನೊಂದು ಹೊಸ ತೊಂದರೆ ದೊಡ್ಡಪ್ಪನ ಲೆಕ್ಕದ ಪುಸ್ತಕದಲ್ಲಿ ಕಾಣಿಸಿತು. ಲೀಟರಿಗೆ 5 ಕಿ.ಮೀ. ಕೊಡ್ತಿದ್ದ ಗಾಡಿ 4ಕ್ಕೆ ಇಳಿದಿತ್ತು.

ದೊಡ್ಡಪ್ಪ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಒಂದೇ ಮಾತು ಅಂದ್ರು. "ಇಂವ ಡೀಸೆಲ್ ಮಾರ್ಕೊತಾವ್ನೆ."

ಮನೆಯಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ನಾಚಿಕೆ ಬಿಟ್ಟು ಹೇಳ್ತೀನಿ, ನನಗೂ ಆಗಲಿಲ್ಲ. ಡ್ರೈವರ್‌ಗಳು ಡೀಸೆಲ್ ಕದೀತಾರೆ ಅನ್ನೋದು ಲಾರಿ ಇಟ್ಟುಕೊಂಡವರ ಮನೆಯಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅನ್ನೋಷ್ಟೇ ಸಹಜವಾದ ಮಾತು. ದೊಡ್ಡಪ್ಪ ಅವನನ್ನ ಕರೆದು ಕೇಳಿದ್ರು. ಅವನು ಇಲ್ಲ ಅಂದ. "ಮಾದಪ್ಪನ ಮ್ಯಾಲ ಆಣೆ ಮಾಡು" ಅಂದ್ರು. ಆ ಸೀಮೆಯಲ್ಲಿ ಮಾದಪ್ಪನ ಆಣೆ ಅಂದ್ರೆ ಕೋರ್ಟಿಗಿಂತ ದೊಡ್ಡದು. ಅವನು ಬೆಟ್ಟದ ದಿಕ್ಕಿಗೆ ತಿರುಗಿ ಆಣೆ ಮಾಡಿದ. ಆಣೆ ಮಾಡಿದ ಮೇಲಾದ್ರೂ ನಂಬಬೇಕಲ್ಲ? ಅವನು ಹೋದ ಮೇಲೆ ದೊಡ್ಡಪ್ಪ, "ನೋಡುದ್ಯಾ, ಸುಳ್ಳಾಣೆ ಹಾಕಕೂ ಹೆದರ್ನಿಲ್ಲ" ಅಂದ್ರು. ಮಾರನೇ ದಿನ ಅವನು ಬೀಗದ ಕೈ ಜಗಲಿ ಮೇಲಿಟ್ಟು ಹೋದವನು ಮತ್ತೆ ಬರಲಿಲ್ಲ. ಆ ತಿಂಗಳ ಸಂಬಳವನ್ನೂ ಕೇಳಲಿಲ್ಲ.

ಇಲ್ಲಿ ಒಂದು ಪದದ ವಿಚಾರ ಹೇಳಬೇಕು. ಅನುಮಾನ. ಭಾರತೀಯ ತರ್ಕದಲ್ಲಿ, ಅಂದ್ರೆ ನ್ಯಾಯದರ್ಶನದಲ್ಲಿ, ಇದಕ್ಕೆ ದೊಡ್ಡ ಮರ್ಯಾದೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನ ತಿಳಿದುಕೊಳ್ಳೋದು ಅನುಮಾನ. ಅದಕ್ಕೆ ಅವರು ಕೊಡೋ ಉದಾಹರಣೆ ಎಲ್ಲರಿಗೂ ಗೊತ್ತಿರೋದೇ: ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಹಾಗಾದ್ರೆ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಅದೇ ಪದ ನಮ್ಮ ದಿನನಿತ್ಯದ ಕನ್ನಡಕ್ಕೆ ಬಂದಾಗ ಅರ್ಥ ಬೇರೆಯಾಗಿದೆ. ಈಗ "ಅನುಮಾನ" ಅಂದ್ರೆ ಸಂಶಯ, ಅದರಲ್ಲೂ ಮನುಷ್ಯರ ಮೇಲಿನ ಸಂಶಯ. "ಅವನ ಮೇಲೆ ನನಗೆ ಅನುಮಾನ" ಅಂತೀವೇ ಹೊರತು ಯಾರೂ "ಪೈಪಿನ ಮೇಲೆ ಅನುಮಾನ" ಅಂತ ಮೊದಲು ಹೇಳೋದಿಲ್ಲ.

ಆ ತಾರ್ಕಿಕರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಹೊಗೆ ಇದ್ದರೆ ಬೆಂಕಿ ಇದೆ ಅನ್ನಬಹುದು, ಆದರೆ ಇದನ್ನ ತಿರುಗಿಸಿ ಬೆಂಕಿ ಇದ್ದರೆ ಹೊಗೆ ಇರಲೇಬೇಕು ಅನ್ನೋ ಹಾಗಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಹೀಗೆ ಮಧ್ಯೆ ಅವಿತುಕೊಂಡು ಕೂತಿರೋ ಷರತ್ತಿಗೆ ಅವರು ಉಪಾಧಿ ಅಂತ ಹೆಸರಿಟ್ಟರು. ಶತಮಾನಗಳ ಹಿಂದೆಯೂ ವಾದ ಇಂಧನದ ಹತ್ತಿರವೇ ಎಡವುತ್ತಿತ್ತು ಅಂತ ಯೋಚಿಸಿದರೆ ನನಗೆ ನಗು ಬರುತ್ತೆ. ದೊಡ್ಡಪ್ಪ ಮಾಡಿದ್ದು ಇದೇ ತಿರುಗು ತಪ್ಪು. ಕದ್ದರೆ ಡೀಸೆಲ್ ಕಮ್ಮಿ ಬೀಳುತ್ತೆ, ನಿಜ. ಡೀಸೆಲ್ ಕಮ್ಮಿ ಬಿದ್ದಿದೆ, ಅದೂ ನಿಜ. ಹಾಗಾಗಿ ಕದ್ದಿದ್ದಾನೆ ಅನ್ನೋದು ಮಾತ್ರ ಎಲ್ಲಿಂದಲೂ ಬರೋದಿಲ್ಲ. ಕಪ್ಪು ಹೊಗೆ ಎಲ್ಲರ ಕಣ್ಣೆದುರಿಗೇ ಏಳ್ತಿತ್ತು, ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗಿ ಹೋಗ್ತಿದೆ ಅಂತ ಅದು ಹೇಳ್ತಿತ್ತು. ನಾವು ಪುಸ್ತಕ ನೋಡಿದೆವು, ಮುಖ ನೋಡಿದೆವು.

ಡ್ರೈವರಣ್ಣ ಹೋದ ಮೇಲೆ ದೊಡ್ಡಪ್ಪ ತಾವೇ ಸ್ಟೀರಿಂಗ್ ಹಿಡಿದರು. ಅದೇ ಘಾಟಿ, ಅದೇ ತಿರುವು, ಅವರ ಕೈಯಲ್ಲೂ ಗಾಡಿ ನಿಂತಿತು. ಅವತ್ತೇ ಬುದ್ಧಿ ಬರಬೇಕಿತ್ತು. "ಎಂಟು ವರ್ಷ ಹಾಳ್ ಮಾಡ್ಬುಟ್ಟು ಹೋಗವ್ನೆ" ಅಂದ್ರು. ಒಬ್ಬರ ಮೇಲೆ ಒಮ್ಮೆ ಅನುಮಾನ ಕೂತರೆ ಆಮೇಲೆ ಸಿಗೋ ಪ್ರತಿಯೊಂದು ಸಾಕ್ಷಿಯೂ ಅವರ ಕಡೆಗೇ ಬೆರಳು ತೋರಿಸುತ್ತೆ, ನಿರಪರಾಧಿ ಅಂತ ತೋರಿಸೋ ಸಾಕ್ಷಿಯೂ ಸೇರಿ.

ಯಾರೋ ಹೇಳಿದರು ಅಂತ ಕೊನೆಗೆ ಕೊಳ್ಳೇಗಾಲದಲ್ಲಿ ಒಬ್ಬರು ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆವು. ತಗಡಿನ ಶೆಡ್ಡು, ನೆಲವೆಲ್ಲ ಕರಿ ಆಯಿಲ್. ಅವರು ಬಾನೆಟ್ ತೆಗೆಯಲೇ ಇಲ್ಲ. ಸ್ಟೂಲ್ ಹಾಕ್ಕೊಂಡು ಕೂತು ಪ್ರಶ್ನೆ ಶುರು ಮಾಡಿದರು. ಖಾಲಿ ಗಾಡಿಲೂ ಹಿಂಗೇನಾ, ಲೋಡ್ ಇದ್ದಾಗ ಮಾತ್ರನಾ? ಬೆಳಗ್ಗೆ ಸ್ಟಾರ್ಟ್ ಮಾಡೋವಾಗ ತೊಂದರೆ ಅದಾ? ನಿಂತ ಮ್ಯಾಲ ತಿರ್ಗಾ ಎಳೆಯಕ ಎಷ್ಟೊತ್ತು ಬೇಕು? ಆಮೇಲೆ ಒಂದು ಪ್ರಶ್ನೆ ಕೇಳಿದರು: "ಉಸ್ರು ಕಟ್ಟೋ ಟೈಮಲ್ಲಿ ಹೊಗೆ ಹೆಚ್ಚಾಯ್ತದ, ಕಮ್ಮಿ ಆಯ್ತದ?"

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸ್ಟೀರಿಂಗ್ ಹಿಡಿದಿದ್ದ ದಿನಗಳಲ್ಲಿ ದೊಡ್ಡಪ್ಪ ಕನ್ನಡಿಯಲ್ಲಿ ಹೊಗೆ ನೋಡುವ ಸ್ಥಿತಿಯಲ್ಲಿರಲಿಲ್ಲ, ಹಿಂದಕ್ಕೆ ಜಾರದಂತೆ ಗಾಡಿ ಹಿಡಿಯೋದೇ ಆಗಿತ್ತು. ಅದನ್ನ ನೋಡಿ ಬಲ್ಲವನು ಒಬ್ಬನೇ. ಅವನನ್ನ ಕಳ್ಳ ಅಂತ ಮನೆಗೆ ಕಳಿಸಿದ್ದೆವು.

ನನಗೆ ಈಗಲೂ ಕೊರೆಯೋದು ಇದೇ. ಫಿಲ್ಟರ್ ಮೇಲೆ ತಪ್ಪಾಗಿ ಅನುಮಾನ ಪಟ್ಟರೆ ಏನಾಗುತ್ತೆ? ಬಿಚ್ಚಿ ನೋಡಿ, ಸರಿ ಇದ್ದರೆ ಮತ್ತೆ ಹಾಕ್ತೀವಿ. ಫಿಲ್ಟರಿಗೆ ಬೇಜಾರಾಗಲ್ಲ. ಮನುಷ್ಯನನ್ನ ಹಾಗೆ ಬಿಚ್ಚಿ ಮತ್ತೆ ಹಾಕೋಕೆ ಆಗಲ್ಲ. ಜೊತೆಗೆ, ಅನುಮಾನ ಪಟ್ಟ ಕ್ಷಣದಿಂದ ಅವನು ನಮಗೆ ಸಾಕ್ಷಿಯಾಗಿ ಉಳಿಯೋದಿಲ್ಲ, ಆರೋಪಿ ಆಗಿಬಿಡ್ತಾನೆ. ಅವನ ಮಾತೆಲ್ಲ ಸಬೂಬು. "ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಎಳೆಯುತ್ತೆ" ಅನ್ನೋದು ಮೇಸ್ತ್ರಿಗೆ ಚಿನ್ನದಂಥ ಮಾಹಿತಿ, ದೊಡ್ಡಪ್ಪನಿಗೆ ಹತ್ತು ನಿಮಿಷ ಬೀಡಿ ಸೇದೋಕೆ ನೆಪ.

ಮೇಸ್ತ್ರಿ ಲೆಕ್ಕ ಹೀಗಿತ್ತು. ಲೋಡ್ ಬಿದ್ದಾಗ ಶಕ್ತಿ ಕಮ್ಮಿಯಾಗಿ, ಕಪ್ಪು ಹೊಗೆ ಜಾಸ್ತಿಯಾದರೆ ಡೀಸೆಲ್ ಬರ್ತಿದೆ, ಅದನ್ನ ಸುಡೋಕೆ ಗಾಳಿ ಸಾಲ್ತಿಲ್ಲ, ಇಲ್ಲಾ ನಾಜಲ್ ಸರಿಯಾಗಿ ಸಿಂಪಡಿಸ್ತಿಲ್ಲ. ಶಕ್ತಿ ಹೋಗೋ ಹೊತ್ತಿಗೆ ಹೊಗೆಯೂ ತೆಳ್ಳಗಾದರೆ ಡೀಸೆಲ್ಲೇ ಬರ್ತಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರೀತಿದೆ, ಅದು ಬೇರೆ ಕತೆ, ದುಡ್ಡಿನ ಕತೆ. "ಖಾಲಿ ಗಾಡಿ ಸುಳ್ಳು ಹೇಳ್ತದ. ಲೋಡ್ ಹಾಕ್ಕೊಂಡೇ ಬನ್ನಿ" ಅಂದ್ರು.

ಎರಡು ದಿನ ಬಿಟ್ಟು ಸಿಮೆಂಟ್ ಲೋಡಿನ ಜೊತೆ ಹೋದೆವು. ಅವರು ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಒಂದನ್ನ ಕ್ಯಾಬಿನ್ ಹಿಂದೆ ಎತ್ತರದಲ್ಲಿ ಹಗ್ಗ ಹಾಕಿ ಕಟ್ಟಿದರು. ಟ್ಯಾಂಕಿನಿಂದ ಬರೋ ಪೈಪನ್ನ ಫೀಡ್ ಪಂಪಿನ ಬುಡದಲ್ಲಿ ಬಿಚ್ಚಿ, ಅಲ್ಲಿಗೆ ಕ್ಯಾನಿನಿಂದ ಹೊಸ ಪೈಪ್ ಕೊಟ್ಟರು. ವಾಪಸ್ ಬರೋ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಟ್ಟರು. ಕೈಪಂಪು ಒತ್ತಿ ಏರ್ ತೆಗೆದರು. ಅಂದ್ರೆ ಈಗ ಲಾರಿಯ ಟ್ಯಾಂಕಿಗೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ಸಾಫ್ಟ್‌ವೇರಿನವರಿಗೆ ಇದು ಗೊತ್ತಿರೋದೇ, ಅರ್ಧ ಸಿಸ್ಟಮ್ಮನ್ನ ಪಕ್ಕಕ್ಕಿಟ್ಟು ತಪ್ಪು ಯಾವ ಅರ್ಧದಲ್ಲಿದೆ ಅಂತ ನೋಡೋದು. ನಾನು ಅದನ್ನ ಕಾಲೇಜಿನಲ್ಲಿ ಬೈನರಿ ಸರ್ಚ್ ಅಂತ ಓದಿದ್ದೆ. ಹಗ್ಗ, ಕ್ಯಾನಿನಲ್ಲೂ ಅದನ್ನ ಮಾಡಬಹುದು ಅಂತ ಅವತ್ತೇ ಗೊತ್ತಾಗಿದ್ದು.

ಮೇಸ್ತ್ರಿ ನಮ್ಮ ಜೊತೆಯೇ ಕ್ಯಾಬಿನ್‌ನಲ್ಲಿ ಕೂತರು. ಕೊಳ್ಳೇಗಾಲ ಬಿಟ್ಟು ಹನೂರು ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, ಕ್ಯಾನ್ ನೋಡಿ, ಮೀಟರ್ ನೋಡಿ ಹೇಳಿದರು. 24 ಕಿಲೋಮೀಟರ್ ಬಂದಿದ್ದೀವಿ, 6 ಲೀಟರ್ ಹೋಗಿದೆ.

ಲೀಟರಿಗೆ 4.

ಯಾರೂ ಮಾತಾಡಲಿಲ್ಲ. ಕ್ಯಾನ್ ನಮ್ಮ ಬೆನ್ನ ಹಿಂದೆಯೇ ಇತ್ತು. ಸ್ಟೀರಿಂಗ್ ಹಿಡಿದಿದ್ದು ದೊಡ್ಡಪ್ಪ. ಕದಿಯೋಕೆ ಮಧ್ಯೆ ಯಾರೂ ಇರಲಿಲ್ಲ. ಮೇಸ್ತ್ರಿಗೆ ನಮ್ಮ ಡ್ರೈವರ್ ಕತೆ ಗೊತ್ತೇ ಇರಲಿಲ್ಲ, ಅವರು ತಮ್ಮ ಪಾಡಿಗೆ "ಪಂಪು ಯಾರೋ ಮುಟ್ಟವ್ರೆ, ಸಿಕ್ಕಾಪಟ್ಟೆ ಕುಡೀತಾ ಅದ" ಅಂತ ಗೊಣಗಿ, ಕ್ಯಾನ್ ತುಂಬಿಸಿ, "ನಡೀರಿ" ಅಂದ್ರು. ದೊಡ್ಡಪ್ಪ ಕೌದಳ್ಳಿವರೆಗೂ ಒಂದು ಮಾತೂ ಆಡಲಿಲ್ಲ. ಆ ಮೌನದಲ್ಲಿ ಕೂರೋಕೆ ಕಷ್ಟ ಆಗ್ತಿತ್ತು.

ತಾಳಬೆಟ್ಟದಲ್ಲಿ ಕ್ಯಾನ್ ಮತ್ತೆ ತುಂಬಿಸಿ ಘಾಟಿ ಹತ್ತಿದೆವು. ಹೊಗೆ ಬಿಡ್ತಾ, ಆದರೆ ಒಂದು ಸಲವೂ ನಿಲ್ಲದೆ ಗಾಡಿ ಮೇಲೆ ಹೋಯ್ತು. ಅಲ್ಲಿಗೆ ನಾಜಲ್ಲು, ಫಿಲ್ಟರು, ಫೀಡ್ ಪಂಪು ಎಲ್ಲವೂ ನಿರ್ದೋಷಿ. ತಪ್ಪು ಇರೋದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಕೆಲವು ಅಡಿ ಜಾಗದಲ್ಲಿ. ವಾಪಸ್ ಬಂದ ಮೇಲೆ ಮೇಸ್ತ್ರಿ ಟ್ಯಾಂಕಿನ ಮುಚ್ಚಳದ ಗಾಳಿ ತೂತು ನೋಡಿದರು. ಅದು ಮುಚ್ಚಿಹೋದರೂ ಇದೇ ಥರ ಆಗುತ್ತಂತೆ, ಟ್ಯಾಂಕಿನೊಳಗೆ ಗಾಳಿ ಹೋಗದೆ ಡೀಸೆಲ್ ಹೊರಗೆ ಬರಲ್ಲ. ತೂತು ಸರಿಯಾಗಿತ್ತು. ಒಳಗಿನ ಜಾಲರಿ ನೋಡಿದರು, ಸರಿಯಾಗಿತ್ತು. ಕೊನೆಗೆ ರಬ್ಬರ್ ಪೈಪ್ ಬಿಚ್ಚಿದರು. ಹೊರಗಿನಿಂದ ಅದು ಬಹಳ ಚೆನ್ನಾಗಿತ್ತು, ಬಿರುಕಿಲ್ಲ, ಸೋರಿಕೆ ಇಲ್ಲ. ಉದ್ದಕ್ಕೆ ಸೀಳಿದಾಗ ಒಳಗಿನ ಪದರ ಎದ್ದು ನಾಲಿಗೆಯ ಹಾಗೆ ಅಡ್ಡ ನಿಂತಿತ್ತು. ನಿಧಾನಕ್ಕೆ ಎಳೆದಾಗ ಪಕ್ಕದಲ್ಲಿ ಡೀಸೆಲ್ ಹೋಗೋದು. ಬೆಟ್ಟದಲ್ಲಿ ಎಂಜಿನ್ ಜೋರಾಗಿ ಕೇಳಿದಾಗ ಆ ನಾಲಿಗೆ ಎಳೆತಕ್ಕೆ ಸಿಕ್ಕಿ ದಾರಿ ಮುಚ್ಚೋದು. ಹತ್ತು ನಿಮಿಷ ನಿಲ್ಲಿಸಿದರೆ ಎಳೆತ ಹೋಗಿ ಮತ್ತೆ ತೆರೆದುಕೊಳ್ಳೋದು.

ಉಸ್ರು ಕಟ್ದಂಗಾಯ್ತದ ಅಂದಿದ್ದನಲ್ಲ, ಅಕ್ಷರಶಃ ಅದೇ.

ಪೈಪಿಗೆ ನೂರು ಚಿಲ್ಲರೆ ರೂಪಾಯಿ. ಪಂಪನ್ನ ಮೈಸೂರಿಗೆ ಕಳಿಸಿ ಬೆಂಚಿನ ಮೇಲೆ ಮತ್ತೆ ಸೆಟ್ ಮಾಡಿಸಿದ ಮೇಲೆ ಹೊಗೆ ನಿಂತಿತು, ಲೀಟರಿಗೆ ಮತ್ತೆ 5 ಬಂತು.

ದೊಡ್ಡಪ್ಪನ ಪರವಾಗಿಯೂ ವಾದ ಮಾಡಬಹುದು, ನಾನೇ ಎಷ್ಟೋ ಸಲ ಮನಸ್ಸಿನಲ್ಲಿ ಮಾಡಿದ್ದೀನಿ. ಡೀಸೆಲ್ ಕಳ್ಳತನ ಇಲ್ಲವೇ? ಇದೆ. ದಿನಾ ಹಣ ಹಾಕೋ ಮಾಲೀಕ ಲೆಕ್ಕ ಕೇಳಬಾರದೇ? ಕೇಳಬೇಕು. ಎಲ್ಲ ಸಾಧ್ಯತೆಯನ್ನೂ ಯೋಚಿಸುವವನು ಇದನ್ನೂ ಯೋಚಿಸಲೇಬೇಕಲ್ಲವೇ? ಸರಿ. ನನ್ನ ತಕರಾರು ಯೋಚಿಸಿದ್ದರ ಮೇಲಲ್ಲ, ಸರದಿಯ ಮೇಲೆ. ಮೇಸ್ತ್ರಿಯೂ ಅನುಮಾನ ಪಟ್ಟರು, ಆದರೆ ತಪ್ಪಾದರೆ ಯಾರಿಗೂ ನೋವಾಗದ ಕಡೆಯಿಂದ ಶುರು ಮಾಡಿದರು, ಕ್ಯಾನಿನಿಂದ, ಮುಚ್ಚಳದಿಂದ, ಜಾಲರಿಯಿಂದ. ನಾವು ತಿರುಗಾಮುರುಗಾ ಮಾಡಿದೆವು. ಎದುರು ಮಾತಾಡೋಕೆ ಆಗದವನು ಯಾರೋ ಅವನಿಂದ ಶುರು ಮಾಡಿದೆವು. ಸ್ಕ್ರೂ ತಿರುಗಿಸಿದ ಮೆಕ್ಯಾನಿಕ್ ಮೇಲೆ ನಮಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ಅವನು ಬಿಲ್ ಕೊಟ್ಟಿದ್ದ. ಅದಕ್ಕಿಂತ ಕೆಟ್ಟದ್ದು ಆಣೆ ಹಾಕಿಸಿದ್ದು. ಕ್ಯಾನ್ ಪರೀಕ್ಷೆಗೆ ಎರಡು ಉತ್ತರ ಇದೆ, ಎಳೆಯಬಹುದು ಅಥವಾ ಎಳೆಯದೇ ಇರಬಹುದು. ಆ ಆಣೆಗೆ ಒಂದೇ ಉತ್ತರ ಇತ್ತು. ಹಾಕದಿದ್ದರೆ ಕಳ್ಳ, ಹಾಕಿದರೆ ಹೆದರದ ಕಳ್ಳ.

ಈಗಿನ ಲಾರಿಗಳಲ್ಲಿ ಇದೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತೆ ಅಂತ ನೀವು ಹೇಳಬಹುದು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಸ್ಕ್ಯಾನರ್ ಹಾಕದೆ ಯಾವ ಮೆಕ್ಯಾನಿಕ್ಕೂ ಮುಂದೆ ಹೋಗಲ್ಲ. ಇದೇ ಪೈಪ್ ಸಮಸ್ಯೆ ಹೊಸ ಗಾಡಿಯಲ್ಲಿ ಬಂದರೆ ಪರದೆ ಮೇಲೆ ಪಿ0087 ಅಂತ ಬರಬಹುದು, ಅಂದ್ರೆ ರೈಲಿನಲ್ಲಿ ಡೀಸೆಲ್ ಒತ್ತಡ ಕಮ್ಮಿ. ಯಾಕೆ ಕಮ್ಮಿ ಅಂತ ಅದು ಹೇಳಲ್ಲ. "ಉಸಿರು ಕಟ್ತಿದೆ" ಅಂತಷ್ಟೇ ಹೇಳುತ್ತೆ, ಇಂಗ್ಲಿಷಿನಲ್ಲಿ. ಸೆನ್ಸರ್ ಬದಲಾಯಿಸಿ, ಪಂಪ್ ಬದಲಾಯಿಸಿ ದೊಡ್ಡ ಬಿಲ್ ಮಾಡೋರು ಅಲ್ಲೂ ಇರ್ತಾರೆ.

ಮೂರು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಒಂದು ರಾತ್ರಿ ಪೇಮೆಂಟ್ ಸರ್ವಿಸ್ ಬಿದ್ದುಹೋಯ್ತು. ಲೋಡ್ ಜಾಸ್ತಿಯಾದಾಗ ನಿಲ್ಲೋದು, ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಸರಿ, ಆಮೇಲೆ ಮತ್ತೆ ಅದೇ. ನನಗೆ ತಾಳಬೆಟ್ಟ ನೆನಪಾಗಬೇಕಿತ್ತು. ಆಗಲಿಲ್ಲ. ಅವತ್ತು ಸಂಜೆ ಕೋಡ್ ಹಾಕಿದ್ದವಳು ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಹುಡುಗಿ. ಕರೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಯಾರು ಮೊದಲು ಹೇಳಿದರೋ ಗೊತ್ತಿಲ್ಲ, "ರೀಸೆಂಟ್ ಚೇಂಜ್ ಯಾರದು?" ಆಮೇಲಿನ ಮಾತೆಲ್ಲ ಆ ದಿಕ್ಕಿಗೇ ಹರಿಯಿತು. ಅವಳು ಎರಡು ಸಲ, "ನನ್ನ ಕೋಡ್ ಬರೋಕೆ ಮುಂಚೆಯೇ ಗ್ರಾಫ್ ಇಳೀತಿತ್ತು ಸರ್" ಅಂದಳು. ಮೇಲಿನವರಿಗೆ ಹೋದ ಮೇಲ್ ಬರೆದವನು ನಾನು. ಹೆಸರು ಹಾಕಿರಲಿಲ್ಲ, ನಮ್ಮಲ್ಲಿ ಹೆಸರು ಹಾಕಬಾರದು ಅಂತ ನಿಯಮವಿದೆ. "ಸಂಜೆ ಆದ ಬದಲಾವಣೆಯಿಂದ" ಅಂತ ಬರೆದಿದ್ದೆ. ಅದು ಯಾರದು ಅಂತ ಇಡೀ ಫ್ಲೋರಿಗೆ ಗೊತ್ತಿತ್ತು. ನಾಲ್ಕು ದಿನದ ಮೇಲೆ ನಿಜವಾದ ಕಾರಣ ಸಿಕ್ಕಿತು, ಡೇಟಾಬೇಸಿನ ಕನೆಕ್ಷನ್‌ಗಳು ವಾಪಸ್ ಬರದೆ ಒಂದೊಂದಾಗಿ ಮುಗಿದುಹೋಗ್ತಿದ್ದವು, ತಿಂಗಳುಗಳಿಂದ. ತಿದ್ದುಪಡಿ ಮೇಲ್ ಕಳಿಸಿದೆ. ಮೊದಲನೆಯದನ್ನ ಓದಿದವರೆಲ್ಲ ಎರಡನೆಯದನ್ನ ಓದಿರಲ್ಲ ಅಂತ ನನಗೂ ಗೊತ್ತಿತ್ತು. ಅವಳು ಆಮೇಲೆ ಮೀಟಿಂಗುಗಳಲ್ಲಿ ಮಾತಾಡೋದು ನಿಲ್ಲಿಸಿದಳು. ಗ್ರಾಫ್ ಇಳಿಯೋದನ್ನ ಮೊದಲು ನೋಡಿದವಳು ಅವಳೇ.

ದೊಡ್ಡಪ್ಪ ಡ್ರೈವರಣ್ಣನ ಮನೆಗೆ ಹೋಗಲಿಲ್ಲ. ಬಾಕಿ ಸಂಬಳವನ್ನ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದರು, ಮೇಲೆ ಎರಡು ಸಾವಿರ ಸೇರಿಸಿ. ಸಂಬಳ ಇಟ್ಟುಕೊಂಡು ಎರಡು ಸಾವಿರ ವಾಪಸ್ ಬಂತು.

ಹೋದ ವರ್ಷ ಬೆಟ್ಟಕ್ಕೆ ಹೋಗುವಾಗ ಕೌದಳ್ಳಿಯಲ್ಲಿ ಟೀಗೆ ನಿಲ್ಲಿಸಿದ್ದೆ. ಶಾಲೆ ವ್ಯಾನಿನ ಪಕ್ಕ ನಿಂತಿದ್ದವನು ಡ್ರೈವರಣ್ಣ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನೇ ಗುರುತು ಹಿಡಿದು ಮಾತಾಡಿಸಿದ. ದೊಡ್ಡಪ್ಪ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಲಾರಿ ಏನಾಯ್ತು ಅಂತ ಕೇಳಿದ. ಮಾರಿದ್ದು ಹೇಳಿದೆ, ಅದಕ್ಕೆ ಮುಂಚೆ ರಿಪೇರಿಯಾಗಿ ಬೆಟ್ಟ ಹತ್ತುತ್ತಿದ್ದದ್ದೂ ಹೇಳಿದೆ. ಪೈಪಿನ ಒಳಪದರ ಎದ್ದಿತ್ತು ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ತಲೆ ಆಡಿಸಿದ.

"ಟ್ಯಾಂಕ್ ಕಡೆ ಪೈಪಾ? ಹೌದು ಬುಡು. ಉಸ್ರು ಕಟ್ತದ ಅಂತ ನಾ ಹೇಳಿದ್ನಲ್ಲ ಮೊಗ."

ನಾನು ಪರ್ಸ್ ತೆಗೆಯೋಷ್ಟರಲ್ಲಿ ಎರಡು ಟೀ ದುಡ್ಡು ಅವನೇ ಕೊಟ್ಟಾಗಿತ್ತು. ಮಕ್ಕಳು ಬಿಡೋ ಹೊತ್ತಾಯ್ತು ಅಂತ ವ್ಯಾನ್ ಹತ್ತಿದ. ನನ್ನ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳೀತು.